ಉಂಗುರಬೆರಳಿನ ಗತ್ತು

ನಾಗವೇಣಿಯ ನಿಶ್ಚಿತಾರ್ಥದ ದಿನ ಅವಳ ಉಂಗುರಬೆರಳಿಗೆ, ಅಂದರೆ ಕಿರುಬೆರಳಿನ ಪಕ್ಕದ ಬೆರಳಿಗೆ, ಕೆಂಪು ಹರಳಿನ ಉಂಗುರ ಬಂತು. ಆ ಬೆರಳಿನ ಹಿಗ್ಗಿಗೆ ಪಾರವೇ ಇಲ್ಲ.

“ಅಣ್ಣಾ, ನೀನು ಪಕ್ಕದಲ್ಲಿ ನಿಂತರೆ ನಾನು ಕುಳ್ಳನಾಗಿ ಕಾಣುತ್ತೇನೆ. ಇವತ್ತೊಂದು ದಿನ ಮಡಚಿಕೊಂಡಿರು,” ಎಂದು ಅದು ನಡುಬೆರಳಿಗೆ ಹೇಳಿತು.

“ಮದುಮಗನ ಗತ್ತೆಲ್ಲ ನಿನಗೇ ಬಂತಲ್ಲ ತಮ್ಮ! ಆಗಲಿ,” ಎಂದು ನಡುಬೆರಳು ಅಂಗೈಯಡಿ ಮಡಚಿಕೊಂಡು ಮಲಗಿತು.

ಅಷ್ಟರಲ್ಲಿ ಅತ್ತೆಯಾಗುವವರು ಬಂದು, “ಎಲ್ಲಿ, ಉಂಗುರ ತೋರಿಸಮ್ಮ,” ಎಂದರು.

ಕೈ ಮೇಜಿನ ಮೇಲಿತ್ತು. ಉಂಗುರಬೆರಳು ಏಳಲು ತಿಣುಕಿತು, ಏಳಲಾಗಲಿಲ್ಲ. ಯಾಕೆಂದರೆ ಬೆರಳನ್ನು ಎತ್ತುವ ಸ್ನಾಯು ಬೆರಳಿನಲ್ಲಿಲ್ಲ, ಮುಂದೋಳಿನಲ್ಲಿದೆ. ಅಲ್ಲಿಂದ ಬರುವ ಹುರಿಗಳು ಕೈಬೆನ್ನಿನಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಅಣ್ಣ ಮಡಚಿಕೊಂಡರೆ ತಮ್ಮನ ಹುರಿಯನ್ನೂ ಕೆಳಗೆ ಹಿಡಿದಿಟ್ಟಂತೆಯೇ. ನಂಬಿಕೆಯಾಗದಿದ್ದರೆ ನೀವೂ ಮೇಜಿನ ಮೇಲೆ ಕೈಯಿಟ್ಟು, ನಡುಬೆರಳನ್ನು ಮಡಚಿ, ಉಂಗುರಬೆರಳನ್ನು ಎತ್ತಿ ನೋಡಿ.

“ಏಳಣ್ಣಾ, ಮರ್ಯಾದೆ ಹೋಗುತ್ತಿದೆ!”

“ಎದ್ದರೆ ನಿನಗಿಂತ ಎತ್ತರ ಕಾಣುತ್ತೇನಲ್ಲ?”

“ಕಾಣು! ಬೇಕಾದರೆ ಆಕಾಶವನ್ನೇ ಮುಟ್ಟು!”

ನಡುಬೆರಳು ನಗುತ್ತಾ ಎದ್ದಿತು. ಜೊತೆಯಲ್ಲೇ ಎಲ್ಲ ಬೆರಳುಗಳೂ ಎದ್ದು ನಿಂತವು.

ಅತ್ತೆ ಉಂಗುರ ನೋಡುವುದನ್ನೇ ಮರೆತು, “ಎಂಥ ಚೆಂದದ ಕೈಯಮ್ಮ!” ಎಂದರು. ಎಲ್ಲರಿಗಿಂತ ಹೆಚ್ಚು ಖುಷಿಪಟ್ಟದ್ದು ಉಂಗುರಬೆರಳೇ.