ದುಗ್ಗಯ್ಯನ ನೆತ್ತಿ

ಹೆಬ್ಬೈಲಿನಲ್ಲಿ ಬಸ್ಸಿಳಿದು ಪಡುವಣಕ್ಕೆ ಮುಖ ಮಾಡಿ ನಿಂತರೆ ಮೊದಲು ಕಾಣುವುದು ಹುಲ್ಲು, ಆಮೇಲೆ ಇನ್ನಷ್ಟು ಹುಲ್ಲು, ಅದರ ಮೇಲೆ, ಮೋಡ ಅಡ್ಡ ಬರದಿದ್ದರೆ, ಕಪ್ಪು ಬಂಡೆಯ ಒಂದು ತಲೆ. ಅದೇ ದುಗ್ಗಯ್ಯನ ನೆತ್ತಿ. ಘಟ್ಟದ ಆ ಸಾಲಿನಲ್ಲಿ ಅದಕ್ಕಿಂತ ಎತ್ತರದ ಗುಡ್ಡಗಳು ಎರಡು ಮೂರು ಇವೆ. ಆದರೆ ಹತ್ತುವವರ ಜೀವ ಹಿಂಡುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಈಗ ಶನಿವಾರ ಭಾನುವಾರ ಬಂತೆಂದರೆ ಬಣ್ಣದ ಚೀಲಗಳನ್ನು ಬೆನ್ನಿಗೇರಿಸಿಕೊಂಡ ಚಾರಣಿಗರು ಸಾಲುಗಟ್ಟಿ ಬರುತ್ತಾರೆ. ಮೊದಲನೆಯ ಏರಿನಲ್ಲಿ ಹಾಡುತ್ತಾರೆ, ಎರಡನೆಯದರಲ್ಲಿ ಬರೀ ಮಾತಾಡುತ್ತಾರೆ, ಮೂರನೆಯದರಲ್ಲಿ ಇನ್ನೆಷ್ಟು ದೂರ ಎಂದು ಕೇಳುತ್ತಾರೆ. ನಾಲ್ಕನೆಯ ಏರು ಒಂದಿದೆ ಎಂಬುದನ್ನು ದಾರಿ ತೋರಿಸುವವರು ಅಲ್ಲಿಯವರೆಗೂ ಬಾಯಿ ಬಿಡುವುದಿಲ್ಲ. ಹೇಗೋ ತುದಿ ಮುಟ್ಟಿ, ಬಂಡೆಯ ಮೇಲೆ ಅಂಗಾತ ಬಿದ್ದು, ಉಸಿರು ಹದಕ್ಕೆ ಬಂದ ಮೇಲೆ ಅವರಲ್ಲೊಬ್ಬರು ಈ ದುಗ್ಗಯ್ಯ ಯಾರು ಎಂದು ಕೇಳಿಯೇ ಕೇಳುತ್ತಾರೆ. ತಪಸ್ಸಿಗೆ ಕೂತ ಸನ್ಯಾಸಿ ಇರಬೇಕು, ಇಲ್ಲವೆ ಯಾವನೋ ಪಾಳೆಯಗಾರ ಇರಬೇಕು ಎಂದು ತಮ್ಮಲ್ಲೇ ತೀರ್ಮಾನ ಮಾಡಿಕೊಂಡು ಇಳಿದು ಹೋಗುವವರೂ ಇದ್ದಾರೆ. ಅವನು ಎರಡೂ ಅಲ್ಲ. ತಲೆಯ ಮೇಲೆ ಉಪ್ಪು ಹೊತ್ತು ಬದುಕಿದ ಆಳು. ತನ್ನ ಹೆಸರನ್ನು ಗುಡ್ಡಕ್ಕೆ ಕೊಡಬೇಕೆಂಬ ಆಸೆ ಅವನಿಗೆ ಎಳ್ಳಷ್ಟೂ ಇರಲಿಲ್ಲ.

ಹಿಂದೆ ಒಮ್ಮೆ, ಘಟ್ಟಕ್ಕೆ ಗಾಡಿರಸ್ತೆ ಬರುವುದಕ್ಕೂ ಬಹಳ ಮೊದಲು, ಹೆಬ್ಬೈಲಿನ ಗಂಡಸರು ಹೆಂಗಸರು ಅಕ್ಕಿ ಹೊತ್ತು ಕರಾವಳಿಗೆ ಇಳಿದು, ಉಪ್ಪು ಹೊತ್ತು ಹತ್ತಿ ಬರುತ್ತಿದ್ದರು. ಬರುವುದಕ್ಕೆ ಎರಡು ದಾರಿ. ಗುಡ್ಡದ ಸೊಂಟವನ್ನು ಸುತ್ತಿಕೊಂಡು ಬರುವ ಬಳಸುದಾರಿಯಲ್ಲಿ ಏರು ಕಡಿಮೆ, ಆದರೆ ಒಂದು ಹಗಲು ಹೆಚ್ಚು ನಡೆಯಬೇಕು. ನೆತ್ತಿಯನ್ನೇ ದಾಟುವ ನೆಟ್ಟಗಿನ ದಾರಿಯಲ್ಲಿ ಆ ಹಗಲು ಉಳಿಯುತ್ತದೆ, ಮಂಜು ಕವಿದರೆ ಮಾತ್ರ ಮನುಷ್ಯ ಉಳಿಯುವ ನಂಬಿಕೆಯಿಲ್ಲ. ಆಗ ಈ ಗುಡ್ಡಕ್ಕೆ ಹೆಸರಿರಲಿಲ್ಲ. ಜನ ಬರೀ ‘ಮೇಲ್ಗಡೆ’ ಎನ್ನುತ್ತಿದ್ದರು. ಹೆಸರಿಲ್ಲದ ಗುಡ್ಡಕ್ಕೆ ಹೆಸರಿನ ಆಸೆ ಎಂದು ಹಿರಿಯರು ನಂಬಿದ್ದರು. ಮೇಲೆ ಯಾರನ್ನಾದರೂ ಹೆಸರು ಹಿಡಿದು ಕೂಗಿದರೆ ಗುಡ್ಡ ಆ ಹೆಸರನ್ನು ಇಟ್ಟುಕೊಳ್ಳುತ್ತದೆ, ವರ್ಷದೊಳಗೆ ಹೆಸರಿನ ಹಿಂದೆ ಆ ಮನುಷ್ಯನನ್ನೂ ಕರೆಸಿಕೊಳ್ಳುತ್ತದೆ. ಆದ್ದರಿಂದ ಕೊನೆಯ ಏರು ಕಂಡೊಡನೆ ಎಲ್ಲರೂ ತಮ್ಮ ಹೆಸರನ್ನು ಕೆಳಗೇ ಬಿಟ್ಟು ಬರೀ ‘ಓ’ ಆಗಿಬಿಡುತ್ತಿದ್ದರು. ಮುಂದಿನವನು ಓ ಎಂದರೆ ಹಿಂದಿನವರು ಒಬ್ಬೊಬ್ಬರಾಗಿ ಓ ಎನ್ನಬೇಕು. ಯಾವ ಊರಿನ ಹೊರೆಯವರೇ ಆಗಲಿ, ಮಂಜಿನಲ್ಲಿ ಓ ಎಂಬ ಕೂಗು ಕೇಳಿಯೂ ತಿರುಗಿ ಓ ಎನ್ನದವನಿಗೆ ಒಳ್ಳೆಯ ಸಾವಿಲ್ಲ ಎನ್ನುತ್ತಿದ್ದರು.

ಹೆಬ್ಬೈಲಿನ ತಂಡಕ್ಕೆ ದುಗ್ಗಯ್ಯ ಮುಂದಾಳು. ಅವನ ಹೆಂಡತಿ ಬೊಮ್ಮಕ್ಕ ಮದುವೆಯಾಗಿ ಬಂದ ವರ್ಷದಿಂದ ಅವನ ಹಿಂದೆಯೇ ಹೊರೆ ಹೊತ್ತವಳು. ಈ ಕತೆಯ ಹೊತ್ತಿಗೆ ಅದಕ್ಕೆ ಇಪ್ಪತ್ತೈದು ವರ್ಷ ತುಂಬಿತ್ತು. ಇಪ್ಪತ್ತೈದು ವರ್ಷ ಉಪ್ಪಿನ ಮೂಟೆ ಹೊತ್ತ ಕುತ್ತಿಗೆ ಮನೆಯಲ್ಲಿ ಕೂತಾಗಲೂ ನೋಯುತ್ತಿತ್ತು. ಮೊಣಕಾಲುಗಳು ಏಳುವಾಗ ಒಂದು ಮಾತು, ಕೂರುವಾಗ ಒಂದು ಮಾತು ಆಡುತ್ತಿದ್ದವು. ಅವಳಿಗೆ ದೇವರ ಮೇಲಾಗಲಿ ಗಂಡನ ಮೇಲಾಗಲಿ ದೂರಿರಲಿಲ್ಲ. ಸುಸ್ತು, ಅಷ್ಟೇ. ನಿದ್ದೆ ಮಾಡಿ ಎದ್ದರೂ ಹೋಗದ ಸುಸ್ತು. ಗಂಡನನ್ನು ಅವಳು ಹೆಸರು ಹಿಡಿದು ಕರೆದವಳಲ್ಲ. ಮೇಲ್ಗಡೆ ಮಾತ್ರವಲ್ಲ, ಕೆಳಗೆ ತನ್ನ ಒಲೆಯ ಮುಂದೆಯೂ ಇಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕರಗುತ್ತದೆ ಎಂದು ತಾಯಿ ಹೇಳಿಕೊಟ್ಟಿದ್ದಳು. ‘ಇವ್ರೇ’ ಎಂದರೆ ಅವನು ತಿರುಗುತ್ತಿದ್ದ, ಸಂಸಾರ ಅದರಲ್ಲೇ ಸಾಗಿತ್ತು.

ಆಶ್ವೀಜ ಮುಗಿಯುತ್ತಿದ್ದ ದಿನಗಳು. ಎಂಟು ಜನ ಉಪ್ಪು ಹೊತ್ತು ಘಟ್ಟ ಹತ್ತುತ್ತಿದ್ದರು. ದಾರಿ ಎರಡಾಗಿ ಒಡೆಯುವ ಜಾಗಕ್ಕೆ ಬಂದಾಗ ಬೊಮ್ಮಕ್ಕ ಹೊರೆ ಇಳಿಸುವ ಕಲ್ಲಿಗೆ ಮೂಟೆ ಆನಿಸಿ, ತಲೆಯ ಸಿಂಬೆ ತೆಗೆದು, ನೆಲಕ್ಕೆ ಕುಸಿದಳು.

“ನನ್ ಕೈಲಾಗಲ್ಲ ಮಾರಾಯ್ರೆ. ಬಳಸುದಾರೀಲಿ ಇನ್ನೊಂದು ಹಗಲು ನಡಿಯೋಕೆ ಈ ಕಾಲು ಬರಲ್ಲ. ಬೇಕಾದ್ರೆ ಉಪ್ಪನ್ನೂ ನನ್ನನ್ನೂ ಇಲ್ಲೇ ಬಿಟ್ಟು ಹೋಗಿ.”

ದುಗ್ಗಯ್ಯ ಆಕಾಶ ನೋಡಿದ. ಅದು ನೆತ್ತಿದಾರಿ ಹಿಡಿಯುವ ತಿಂಗಳಲ್ಲ. ಆಮೇಲೆ ಹೆಂಡತಿಯ ಊದಿದ ಮೊಣಕಾಲು ನೋಡಿದ. “ಮಂಜು ಏಳೋದ್ರೊಳಗೆ ದಾಟಿದ್ರಾಯ್ತು, ನೆಟ್ಟಗೆ ಹೋಗಾನ,” ಎಂದ. ತಂಡದಲ್ಲಿ ಎಲ್ಲರಿಗಿಂತ ಹಿರಿಯನಾದ ಕರಿಯಜ್ಜ, “ಆಕಾಶ ಬಿಟ್ಟು ಹೆಂಡ್ತಿ ಕಾಲು ನೋಡಿ ದಾರಿ ಹಿಡಿದ ಮುಂದಾಳು ನೀನೊಬ್ನೇ ಕಣೋ,” ಎಂದು ನಕ್ಕ. ನಕ್ಕನಾದರೂ ಅವನೂ ಒಂದು ಹಗಲು ಉಳಿದೀತೆಂದು ಸಂತೋಷಪಟ್ಟವನೇ.

ಕೊನೆಯ ಏರು ಮುಗಿದು ಹುಲ್ಲಿನ ಬೆನ್ನಿಗೆ ಬಂದಾಗ ಮಂಜು ಒಮ್ಮೆಗೇ ಕವಿಯಿತು. ಮುಂದಿನವನ ಬೆನ್ನು ಹಿಂದಿನವನಿಗೆ ಕಾಣದಾಯಿತು. ದುಗ್ಗಯ್ಯ ಎಲ್ಲರನ್ನೂ ಹೊರೆ ಇಳಿಸಿ ಕೂರಿಸಿ, ದಾರಿ ಎಲ್ಲಿದೆ ನೋಡಿಬರುತ್ತೇನೆಂದು ಹೊರಟ. ಹತ್ತು ಹೆಜ್ಜೆಗೊಮ್ಮೆ ಅವನು ಓ ಎನ್ನುವುದು, ಇವರು ಏಳು ಜನ ಓ ಎನ್ನುವುದು, ಹೀಗೆ ಸ್ವಲ್ಪ ಹೊತ್ತು ನಡೆಯಿತು. ಆಗ ಯಾರೂ ಎಣಿಸದ ಒಂದು ಸಂಗತಿ ಆಯಿತು. ನೆತ್ತಿಯ ಬಲಬದಿಯಲ್ಲಿ ಒಂದು ಕೊರಕಲಿದೆ; ಈಗಲೂ ಅದರ ಅಂಚಿನಲ್ಲಿ ನಿಂತು ಕಲ್ಲು ಬಿಟ್ಟರೆ ಬಿದ್ದ ಸದ್ದು ಕೇಳುವುದಿಲ್ಲ. ಅದರ ಆಚೆ ದಂಡೆಯಲ್ಲಿ, ಮೂಡಲಿನಿಂದ ಅಕ್ಕಿ ಹೊತ್ತು ಬಂದ ಬೇರೆ ಊರಿನವರು ಇವರ ಹಾಗೆಯೇ ಮಂಜಿಗೆ ಸಿಕ್ಕಿ ಕೂತಿದ್ದರು. ದುಗ್ಗಯ್ಯನ ಕೂಗು ಕೇಳಿ ಅವರೂ ಧರ್ಮ ಮೀರದೆ ಓ ಎಂದರು. ಅವರ ತಂಡ ದೊಡ್ಡದು, ಗಂಟಲೂ ದೊಡ್ಡದು. ದುಗ್ಗಯ್ಯ ಅದನ್ನು ತನ್ನವರ ಕೂಗೆಂದು ತಿಳಿದ. ಅವನ ಓ ಬಲಕ್ಕೆ ಸರಿಯಿತು, ಇನ್ನೂ ಬಲಕ್ಕೆ ಸರಿಯಿತು.

ಮೊದಲು ಅರ್ಥವಾದದ್ದು ಬೊಮ್ಮಕ್ಕನಿಗೆ. ಅವಳು ತಂಡದವರ ಜೊತೆ ಗಂಟಲು ಹರಿಯುವಂತೆ ಓ ಎಂದಳು. ಆ ಕಡೆಯವರು ಅದಕ್ಕೂ ಭಕ್ತಿಯಿಂದ ಓ ಎಂದರು. “ಇವ್ರೇ, ಇತ್ಲಾಗಿ ಬನ್ನಿ!” ಎಂದು ಕೂಗಿದಳು. ಕೊರಕಲಿನ ಆಚೆಯಿಂದ ಯಾರ ಗಂಡನೋ “ಬಂದೆ ತಡಿಯೇ,” ಎಂದ. ಬೇರೆ ದಿನವಾಗಿದ್ದರೆ ಎಂಟು ಜನವೂ ಹೊಟ್ಟೆ ಹಿಡಿದು ನಗುತ್ತಿದ್ದರು. ಇನ್ನೊಮ್ಮೆ ಅವನ ಓ ಕೇಳಿಸಿತು. ಈ ಸಲ ಅದು ಕೊರಕಲಿನ ಬಾಯಿಯ ಹತ್ತಿರವೇ ಇತ್ತು. ಕೂಗದಿದ್ದರೆ ಗುಡ್ಡ ಈಗಲೇ ಅವನನ್ನು ನುಂಗುತ್ತದೆ. ಹೆಸರು ಹಿಡಿದು ಕೂಗಿದರೆ ವರ್ಷದೊಳಗೆ ನುಂಗುತ್ತದೆ, ಕೊಂದವಳು ತಾನೇ ಎಂದಾಗುತ್ತದೆ. ಅವಳಿಗೆ ಹೆಚ್ಚು ಯೋಚಿಸುವ ತ್ರಾಣವಿರಲಿಲ್ಲ. ಒಂದು ವರ್ಷವಾದರೂ ಸಿಕ್ಕೀತು ಎಂದುಕೊಂಡಳಂತೆ. ಎದ್ದು ನಿಂತು, ಬಾಯಿಗೆ ಎರಡೂ ಕೈ ಹಿಡಿದು, “ದುಗ್ಗಯ್ಯಾ!” ಎಂದು ಕೂಗಿದಳು. ಮೂರು ಸಲ ಕೂಗಿದಳು. ಕರಿಯಜ್ಜ ಅವಳ ಬಾಯಿ ಮುಚ್ಚಲು ಕೈಚಾಚಿದವನು ಹಾಗೆಯೇ ಕೂತುಬಿಟ್ಟ. ಆಚೆ ದಂಡೆಯವರೂ ಗಪ್‌ಚಿಪ್ಪಾದರು.

ಬಹಳ ಹೊತ್ತಿನ ಮೇಲೆ ದುಗ್ಗಯ್ಯ ಮಂಜಿನೊಳಗಿಂದ ತೆವಳಿಕೊಂಡು ಬಂದ. ಅಂಗೈ ಎರಡೂ ತರಚಿದ್ದವು. ಒಂದು ಕಾಲು ಅಂಚಿನಾಚೆ ಇಟ್ಟಾಗಿತ್ತಂತೆ. “ಯಾರು ನನ್ ಹೆಸರು ಕೂಗಿದ್ದು?” ಎಂದು ಕೇಳಿದ. ಇಪ್ಪತ್ತೈದು ವರ್ಷ ಅವಳ ಬಾಯಲ್ಲಿ ತನ್ನ ಹೆಸರು ಕೇಳದವನಿಗೆ ದನಿಯ ಗುರುತು ಹತ್ತಿರಲಿಲ್ಲ. “ನಾನೇ,” ಎಂದಳು ಬೊಮ್ಮಕ್ಕ. ಅವನು ಅವಳ ಪಕ್ಕದಲ್ಲಿ ಕೂತು, ಅವಳ ಉಪ್ಪಿನ ಮೂಟೆಗೆ ಒರಗಿ, “ಕೇಳೋಕೆ ಚೆನ್ನಾಗಿತ್ತು ಕಣೆ,” ಎಂದು ಕಣ್ಣು ಮುಚ್ಚಿದ.

ಊರಿಗೆ ಬಂದ ಮೇಲೆ ಹಿರಿಯರು ಕೂಡಿ ವಿಚಾರ ಮಾಡಿದರು. ಹೆಸರು ಗುಡ್ಡಕ್ಕೆ ಹೋಗಿಯಾಯಿತು. ಹೋದದ್ದನ್ನು ತಿರುಗಿ ಕೇಳುವಂತಿಲ್ಲ. ಅದೇ ಹೆಸರನ್ನು ಇವನೂ ಇಟ್ಟುಕೊಂಡರೆ ಗುಡ್ಡ ಹುಡುಕಿಕೊಂಡು ಬರುತ್ತದೆ. ಆದ್ದರಿಂದ ಇನ್ನು ಮುಂದೆ ದುಗ್ಗಯ್ಯ ಎಂದರೆ ಗುಡ್ಡ ಮಾತ್ರ. ಇವನು ಬೇರೆ ಹೆಸರು ಹಿಡಿಯಬೇಕು ಎಂದರು. “ಹೊಸ ಹೆಸರಿಗೆ ತಿರುಗಿ ನೋಡೋದನ್ನ ಈ ವಯಸ್ಸಲ್ಲಿ ಎಲ್ಲಿ ಕಲೀಲಿ? ನಂಗೂ ಸಾಕಾಗಿದೆ, ಬಿಡಿ,” ಎಂದ ಅವನು. ಹೀಗೆ ಘಟ್ಟದ ಮುಂದಾಳು ಊರವರ ಬಾಯಲ್ಲಿ ‘ಬೊಮ್ಮಕ್ಕನ ಗಂಡ’ನಾದ. ಮಕ್ಕಳು ಮರಿಗಳೂ ಹಾಗೆಯೇ ಕರೆದರು. ಅವನು ನಗುತ್ತಲೇ ಓಗೊಡುತ್ತಿದ್ದ. ಬೊಮ್ಮಕ್ಕ ಮಾತ್ರ ಅದು ಕೇಳಿದಾಗಲೆಲ್ಲ, ಹೆತ್ತವರು ಇಟ್ಟ ಹೆಸರು, ಅದನ್ನು ತನ್ನ ಕಾಲುನೋವಿಗೆ ತೆತ್ತನಲ್ಲ ಎಂದು ಒಳಗೇ ಅಳುತ್ತಿದ್ದಳು. ವರ್ಷ ಕಳೆಯಿತು, ಅವನು ಸಾಯಲಿಲ್ಲ. ಇನ್ನೂ ಹತ್ತೊಂಬತ್ತು ವರ್ಷ ಬದುಕಿ, ಚಾಪೆಯ ಮೇಲೆ ಮಲಗಿದಲ್ಲೇ ಹೋದ. ಮಣ್ಣು ಕೊಡುವಾಗ ಹೆಸರು ಹೇಳಬೇಕಾದ ಕಡೆ ಹಿರಿಯರು ತಡವರಿಸಿ, ಕೊನೆಗೆ ಬೊಮ್ಮಕ್ಕನ ಗಂಡ ಎಂದೇ ಹೇಳಿ ಮುಗಿಸಿದರು. ಅಷ್ಟು ಹೊತ್ತು ಗಟ್ಟಿಯಾಗಿದ್ದವಳು ಆ ಮಾತಿಗೆ ಕುಸಿದು ಅತ್ತಳು.

ಆಮೇಲೆ ಅವಳು ಹೊರೆ ಹೊರಲಿಲ್ಲ, ಗುಡ್ಡ ಹತ್ತಲಿಲ್ಲ. ಬೆಳಗಾದರೆ ಕೋಲೂರಿಕೊಂಡು ಬಂದು ಏರು ಶುರುವಾಗುವ ಕಡೆ ಒಂದು ಚಪ್ಪಟೆ ಕಲ್ಲಿನ ಮೇಲೆ ಕೂರುತ್ತಿದ್ದಳು. ಹೊಸದಾಗಿ ಬಂದ ಹೊರೆಯವನೊಬ್ಬ ಒಂದು ದಿನ, “ಅಜ್ಜೀ, ಈ ದಾರಿ ಎಲ್ಲಿಗೆ ಹೋಗ್ತದೆ?” ಎಂದು ಕೇಳಿದ. ಬೊಮ್ಮಕ್ಕ ಕೋಲೆತ್ತಿ ಏರಿನ ಕಡೆ ತೋರಿಸಿ, “ದುಗ್ಗಯ್ಯನ ನೆತ್ತಿಗೆ ಕಣಪ್ಪಾ,” ಎಂದಳು. ಗಂಡನ ಹೆಸರು ಹೇಳಬಾರದು, ಸರಿ. ಗುಡ್ಡದ ಹೆಸರು ಹೇಳಬೇಡವೆಂದು ಯಾವ ಹಿರಿಯ ಹೇಳಿಯಾನು? ಅವಳ ಮುಖ ಆಗ ಹೇಗಿತ್ತೆಂದು ಪಕ್ಕದಲ್ಲಿದ್ದವರು ಊರಿಗೆಲ್ಲ ಹೇಳಿದರು. ಅಂದಿನಿಂದ ಅವಳು ಬದುಕಿರುವವರೆಗೂ, ಆ ದಾರಿಯಲ್ಲೇ ಸವೆದುಹೋದ ಹೆಬ್ಬೈಲಿನ ಹೊರೆಯವರು ಸಹಿತ ಒಬ್ಬೊಬ್ಬರಾಗಿ ಅವಳ ಮುಂದೆ ನಿಂತು, ಏನೂ ತಿಳಿಯದವರಂತೆ ದಾರಿ ಕೇಳಿಯೇ ಏರು ಹಿಡಿಯುತ್ತಿದ್ದರು ಎನ್ನುತ್ತಾರೆ.

ಆ ಚಪ್ಪಟೆ ಕಲ್ಲು ಈಗಲೂ ಅಲ್ಲಿದೆ. ಎದುರಿಗೆ ಚಹಾ ಅಂಗಡಿಯೊಂದಾಗಿದೆ, ಪಕ್ಕದಲ್ಲಿ ಬಾಣದ ಗುರುತಿನ ದೊಡ್ಡ ಫಲಕವಿದೆ. ಚಾರಣಿಗರನ್ನು ಕರೆದೊಯ್ಯುವ ಊರಿನವರು ಫಲಕದ ಕಡೆ ನೋಡುವುದಿಲ್ಲ. ವಾರಕ್ಕೆ ಮೂರು ಸಲ ಹತ್ತಿ ಇಳಿದು ಕಾಲು ಸೋತವರೂ ಹೊರಡುವ ಮೊದಲು ಅಂಗಡಿಯ ಹೆಂಗಸಿನ ಮುಂದೆ ನಿಂತು, “ಅಕ್ಕಾ, ಈ ದಾರಿ ಎಲ್ಲಿಗೆ?” ಎಂದು ಕೇಳುತ್ತಾರೆ. ಬಂದವರು ನಗುತ್ತಾರೆ. ಅವಳು ಲೋಟ ತೊಳೆಯುವುದನ್ನು ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು, ಹೆಸರನ್ನು ಪೂರ್ತಿಯಾಗಿ ಹೇಳುತ್ತಾಳೆ.