ಕಂಕುಳಲ್ಲಿ ಮೊಟ್ಟೆ ಇಟ್ಕೊಂಡು ಕುಣಿದ ಸೊಸೆ

ಒಂದಾನೊಂದು ಕಾಲದಲ್ಲಿ, ನಿಮ್ಮಜ್ಜಿಯ ನರಿ-ಕಾಗೆ ಕತೆಗಳು ನಡೆದು ಸುಸ್ತಾಗೋವಷ್ಟು ದೂರದಲ್ಲಿ, ಉಜ್ಬೆಕ್ ಸೀಮೆ ಅಂತ ಇತ್ತಂತೆ ಮಗಾ. ಈ ಕತೆ ನನ್ನ ಬಿಟ್ರೆ ಸುತ್ತ ಏಳೂರಲ್ಲಿ ಯಾರಿಗೂ ಬರಲ್ಲ. ಅಲ್ಲಿಯ ಚಳಿ ಎಂಥದ್ದು ಅಂದ್ರೆ, ಒಂಟೆ ಉಗುಳಿದ್ರೆ ನೆಲ ಮುಟ್ಟೋದ್ರೊಳಗೆ ಗೋಲಿಯಾಗಿ ಟಣ್ ಅಂತಿತ್ತಂತೆ. ಅಂಥಾ ಚಳೀಲಿ ರೇಷ್ಮೆ ಹುಳದ ಮೊಟ್ಟೆ ಒಡೆಯೋದು ಹೆಂಗೆ? ಅದಕ್ಕೇ ಊರಿನ ಮೊಟ್ಟೆಯೆಲ್ಲಾ ಬಟ್ಟೇಲಿ ಗಂಟು ಕಟ್ಟಿ, ಒಬ್ಬ ಹೆಂಗಸು ಕಂಕುಳಲ್ಲಿ ಇಟ್ಕೊಂಡು ಕಾವು ಕೊಡ್ತಿದ್ಲಂತೆ. ಹುಳ ಹೊರಗೆ ಬರೋವರೆಗೂ ಗಂಟು ಕೈ ಬದಲಾಗಬಾರದು, ಹೊರಗಿನೋರಿಗೆ ಹೇಳಲೂಬಾರದು, ದೃಷ್ಟಿಯಾಗುತ್ತೆ ಅಂತ.

ಆ ವರ್ಷ ಗಂಟು ಇದ್ದದ್ದು ಹೊಲ್ಬೀಬಿ ಅನ್ನೋ ಮುದುಕಿಯ ಕಿರೀ ಸೊಸೆ ಗುಲ್ಚೆಹ್ರಾ ಹತ್ರ. ಹೊಲ್ಬೀಬಿಗೆ ಮೂರು ಜನ ಸೊಸೆಯರು, ಮೂವರೂ ಕುಣಿಯೋದ್ರಲ್ಲಿ ಎತ್ತಿದ ಕೈ. ಅಲ್ಲಿ ಹೆಂಗಸರು ಕುಣಿಯೋದು ಒಳಮನೇಲಿ, ಹೆಂಗಸರ ಎದುರಿಗೆ ಮಾತ್ರ. ಒಂದಿನ ಇವರ ಹೆಸರು ಕೇಳಿ ರಾಜನ ತಾಯಿ ದಾಸಿಯರ ಜೊತೆ ಗಾಡಿ ಇಳಿದು ಸೀದಾ ಒಳಗೆ ಬಂದು, ಮೂವರೂ ಕುಣೀರಿ ನೋಡೋಣ ಅಂದ್ಲಂತೆ. ಆಕೆ ಮಾತು ಮೀರೋ ಹಾಗುಂಟಾ?

ಆಮೇಲೆ ಹೊಲ್ಬೀಬಿ ದೋಯಿರಾ ಅನ್ನೋ ದುಂಡನೆ ತಮಟೆ ಬಡಿದ್ಲಂತೆ. ಹಿರೀ ಸೊಸೆ ಬುಖಾರಾ ಕಡೆಯೋಳು, ಮಣಿಕಟ್ಟಿಗೆ ಗೆಜ್ಜೆ ಕಟ್ಟಿ ಬುಗುರಿ ತಿರುಗಿದ ಹಾಗೆ ತಿರುಗಿದ್ಲು. ರಾಜಮಾತೆ ಆಕಳಿಸಿ, ಇಂಥದ್ದು ನಮ್ಮನೇಲಿ ದಿನಾ ಇದೆ ಅಂದ್ಲಂತೆ. ನಡುವಿನೋಳು ಖೋರೆಜ್ಮ್ ಸೀಮೆ ಕಡೆಯೋಳು, ಬೆರಳಿಂದ ಶುರುಮಾಡಿ ಭುಜದವರೆಗೂ ಗಡಗಡ ನಡುಗಿಸಿದ್ಲು. ಇವಳಿಗೆ ಚಳಿಜ್ವರ, ಕಂಬಳಿ ಹೊದಿಸ್ರೇ ಅಂದ್ಲಂತೆ ರಾಜಮಾತೆ.

ಆಮೇಲೆ ಗುಲ್ಚೆಹ್ರಾ ಸರದಿ. ತೋಳು ಎತ್ತಿದ್ರೆ ಗಂಟು ಬೀಳುತ್ತೆ, ಊರಿನ ವರ್ಷದ ಅನ್ನವೇ ಹೋಗುತ್ತೆ. ಮೊಣಕೈ ಪಕ್ಕೆಗೆ ಒತ್ತಿಕೊಂಡು, ಬರೀ ಬೆರಳು, ಮಣಿಕಟ್ಟು, ಕತ್ತು ಆಡಿಸಿದ್ಲಂತೆ. ರಾಜಮಾತೆ ಗದರಿದ್ಲು, ತೋಳು ಎತ್ತೇ ಹುಡುಗಿ, ಅಂಟು ಹಾಕಿದಾರಾ? ಇವಳು, ಅಮ್ಮಾವ್ರೇ, ಬೆರಳು ನೋಡಿ ಮುಗಿದ್ಮೇಲೆ ತೋಳು ಕೇಳಿ ಅಂದ್ಲಂತೆ. ಅತ್ತೆ ಆ ಮಾತು ಮುಚ್ಚೋಕೆ ತಮಟೆ ಇನ್ನೂ ಜೋರಾಗಿ ಬಡಿದ್ಲಂತೆ.

ಅಷ್ಟರಲ್ಲಿ ಕಂಕುಳ ಕಾವಿಗೆ ಮೊಟ್ಟೆ ಒಡೀತು ನೋಡು! ಸಾವಿರಗಟ್ಟಲೆ ಹುಳ ಗಂಟಿಂದ ಹೊರಟು ಪಕ್ಕೆ ಮೇಲೆ ಕಚಗುಳಿ ಇಟ್ಟವಂತೆ. ನಗೋ ಹಾಗಿಲ್ಲ, ಕೆರ್ಕೊಳ್ಳೋ ಹಾಗಿಲ್ಲ. ಹುಬ್ಬು ಒಂದೊಂದೇ ಮೇಲೆ ಹಾರ್ತು, ಕತ್ತು ಆ ಕಡೆ ಈ ಕಡೆ ಜಾರ್ತು, ತುಟಿ ಅದುರ್ತು. ರಾಜಮಾತೆ ದಿಂಬಿಂದ ಎದ್ದು ಕೂತು, ಆಹಾ, ಆ ಹುಬ್ಬು ನೋಡ್ರೇ, ತೋಳು ಯಾರಿಗೆ ಬೇಕು ಅಂತ ಕೊರಳ ಹಾರ ತೆಗೆದು ಇವಳಿಗೆ ಹಾಕಿದ್ಲಂತೆ.

ಗಾಡಿ ಊರ ಬಾಗಿಲು ದಾಟಿದ್ದೇ ತಡ, ಅತ್ತೆ ಸೊಸೆಯರು ಬಾಗಿಲು ಹಾಕ್ಕೊಂಡು, ಗುಲ್ಚೆಹ್ರಾ ಮೈಮೇಲಿಂದ ಹುಳ ಆರಿಸಿ ಹಿಪ್ಪುನೇರಳೆ ಎಲೆ ಮೇಲೆ ಬಿಟ್ಟು, ಹೊಟ್ಟೆ ಹಿಡ್ಕೊಂಡು ನಕ್ಕರಂತೆ. ಆ ವರ್ಷ ಊರಿಗೆಲ್ಲಾ ರೇಷ್ಮೆಯಾಯ್ತು. ಅತ್ತ ಅರಮನೇಲಿ ದಾಸಿಯರು ಆ ಹುಬ್ಬಿನ ಕುಣಿತ ಕಲಿಯೋಕೆ ಹೋಗಿ, ಎಷ್ಟು ಮಾಡಿದ್ರೂ ಬರದೆ, ಕೊನೆಗೆ ಒಬ್ಬರ ಪಕ್ಕೆಗೆ ಒಬ್ಬರು ಕಚಗುಳಿ ಇಡ್ತಾ ಕೂತಿದ್ರಂತೆ.

ಅಷ್ಟೇ ಕತೆ, ಮುಗೀತು. ಮಲ್ಕೋ.