ಹೊರುವವರ ಹಾಡು

“ಗುರುಗಳೇ, ಭತ್ತ ಕುಟ್ಟುವ ಹೆಂಗಸರಿಗೆ ಹಾಡಬೇಡಿ ಎಂದು ಹೇಳಬಾರದೇ?” ಎಂದು ಶಿಷ್ಯ ಕೇಳಿದ.

ಅವನು ಮಠಕ್ಕೆ ಬಂದು ಮೂರು ತಿಂಗಳಾಗಿತ್ತು. ಧ್ಯಾನಕ್ಕೆ ಕುಳಿತರೆ ಮನಸ್ಸು ನಿಲ್ಲುತ್ತಿರಲಿಲ್ಲ. ಹೀಗೇ ಆದರೆ ಊರಿಗೆ ಹಿಂತಿರುಗುವುದೇ ಮೇಲು ಎನ್ನುವಷ್ಟು ಬೇಸರವಾಗಿತ್ತು. ತಪ್ಪೆಲ್ಲ ಅಡುಗೆಮನೆಯ ಹಿಂದಿನ ಒನಕೆ ಹಾಡಿನದೇ ಎಂದು ಅವನು ತೀರ್ಮಾನಿಸಿದ್ದ. ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವನನ್ನು ಎದುರಿಗೆ ಕೂರಿಸಿಕೊಂಡು ಒಂದು ಕತೆ ಹೇಳಿದರು. ಹಿತ್ತಲಲ್ಲಿ ಹೆಂಗಸರು ಹಾಡುತ್ತ ಕುಟ್ಟುತ್ತಲೇ ಇದ್ದರು.

ಒಬ್ಬ ವರ್ತಕನಿದ್ದ. ಅವನಿಗೆ ತಲೆನೋವು. ರಕ್ತ ನೆತ್ತಿಗೇರಿ ಅಲ್ಲೇ ಬಡಿದುಕೊಳ್ಳುತ್ತಿತ್ತು, ಕೈಕಾಲು ಮಾತ್ರ ತಣ್ಣಗಿರುತ್ತಿದ್ದವು. ಅವನ ತಂದೆ ಇದೇ ನೋವಿನಿಂದ, ಇದೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಆದ್ದರಿಂದ ವರ್ತಕನಿಗೆ ನೋವಿಗಿಂತ ಭಯವೇ ಹೆಚ್ಚಾಗಿತ್ತು. ಸದ್ದು ಕಿವಿಗೆ ಬಿದ್ದರೆ ರಕ್ತ ಇನ್ನೂ ಏರುತ್ತದೆ ಎಂದು ಯಾರೋ ಹೇಳಿದರು. ಹೇಳುವವರಿಗೇನು, ಹೇಳಿ ಹೋದರು. ಅಂದಿನಿಂದ ಅವನು ಕಿವಿಗೆ ಹತ್ತಿ ಇಟ್ಟುಕೊಂಡ. ಮನೆಯಲ್ಲಿ ಒಗ್ಗರಣೆಯ ಸದ್ದೂ ಕೇಳಬಾರದೆಂದು ಕಟ್ಟಪ್ಪಣೆ ಮಾಡಿದ. ಪಾಪ, ಮನೆಯವರು ತಿಂಗಳುಗಟ್ಟಲೆ ಒಗ್ಗರಣೆಯಿಲ್ಲದ ಸಾರು ಉಂಡರು. ನೋವು ಮಾತ್ರ ಕಡಿಮೆಯಾಗಲಿಲ್ಲ.

ಗುಡ್ಡದಾಚೆಯ ಊರಿನಲ್ಲಿ ನಾಡಿ ನೋಡುವ ಒಬ್ಬ ಪಂಡಿತರಿದ್ದರು. ವರ್ತಕ ಪಲ್ಲಕ್ಕಿಯಲ್ಲಿ ಅಲ್ಲಿಗೆ ಹೊರಟ. ಹೊರಲು ನಾಲ್ವರು ಬೋಯಿಗಳು ಬಂದರು. ದಾರಿಯುದ್ದಕ್ಕೂ ಯಾರೂ ತುಟಿ ಪಿಟಕ್ಕೆನ್ನಬಾರದು ಎಂದು ಅವರಿಗೂ ಅಪ್ಪಣೆಯಾಯಿತು.

ಪಲ್ಲಕ್ಕಿ ಹೊರುವವರು ಹಾಡುತ್ತ ನಡೆಯುವುದು ವಾಡಿಕೆ. ಹಾಡಿನ ಲಯಕ್ಕೆ ನಾಲ್ವರ ಹೆಜ್ಜೆಯೂ ಒಟ್ಟಿಗೆ ಬೀಳುತ್ತದೆ. ದಾರಿಯಲ್ಲಿ ಕಲ್ಲಿದ್ದರೆ ಮುಂದಿನವನು ಅದನ್ನೂ ಹಾಡಿಗೆ ಸೇರಿಸಿ ಹಿಂದಿನವರಿಗೆ ತಿಳಿಸುತ್ತಾನೆ. ಬಾಯಿ ಮುಚ್ಚಿದ ಮೇಲೆ ಇದೆಲ್ಲ ನಿಂತಿತು. ಒಬ್ಬನ ಹೆಜ್ಜೆ ಹಿಂದೆ, ಒಬ್ಬನದು ಮುಂದೆ. ಹಿಂದಿನವರು ಎಡವಿದರು, ಮುಂದಿನವರಿಗೆ ಏದುಸಿರು ಬಂತು. ಒಳಗೆ ವರ್ತಕನ ತಲೆ ಎರಡು ಸಲ ಪಲ್ಲಕ್ಕಿಯ ಕಂಬಕ್ಕೆ ಬಡಿಯಿತು. ಗುಡ್ಡ ಅರ್ಧ ಹತ್ತುವಷ್ಟರಲ್ಲಿ, ಇನ್ನು ತನ್ನ ಕಾಲ ಮುಗಿಯಿತು ಎಂದು ಅವನು ಅತ್ತುಬಿಟ್ಟ.

ಬೋಯಿಗಳು ಪಲ್ಲಕ್ಕಿ ಇಳಿಸಿದರು. ಅವರಲ್ಲಿ ಹಿರಿಯನಾದವನು ಬಾಗಿ, ಹತ್ತಿಯಿಟ್ಟ ಕಿವಿಗೂ ಕೇಳಿಸುವಂತೆ ಗಟ್ಟಿಯಾಗಿ ಹೇಳಿದ.

“ಬುದ್ಧೀ, ಬಾಯಿ ಕಟ್ಟಿದ್ರೆ ಕಾಲು ಒಂದಾಗಲ್ಲ. ಹಾಡೋಕೆ ಬಿಡಿ. ಇಲ್ಲಾಂದ್ರೆ ನೀವೇ ಇಳಿದು ನಡೀಬೇಕಾಗ್ತದೆ.”

ನಡೆಯುವ ಶಕ್ತಿ ವರ್ತಕನಿಗಿರಲಿಲ್ಲ. ಹತ್ತಿಯನ್ನು ಇನ್ನಷ್ಟು ಒಳಗೆ ಒತ್ತಿಕೊಂಡು ಒಪ್ಪಿದ.

ಹಾಡು ಶುರುವಾಯಿತು. ಅದರ ಮಾತು ಅವನಿಗೆ ಕೇಳಿಸಲಿಲ್ಲ. ಆದರೆ ಲಯ ಬೋಯಿಗಳ ಹೆಗಲ ಮೇಲಿನ ಬೊಂಬಿನಿಂದ ಇಳಿದು, ಬೆನ್ನಿನ ಮೂಲಕ ಒಳಗೆ ಬಂತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನ ಉಸಿರು ಅದರ ಜೊತೆ ಆಡತೊಡಗಿತು. ಅಂಗೈ ಬೆಚ್ಚಗಾಯಿತು. ತಲೆಯೊಳಗಿನ ಬಡಿತ ಹೊರಗಿನ ಬಡಿತದ ಜೊತೆ ಸೇರಿ ಮೆತ್ತಗಾಯಿತು. ಅವನಿಗೆ ನಿದ್ದೆ ಬಂದುಬಿಟ್ಟಿತು.

ಪಂಡಿತರು ಮೊದಲು ಅವನ ಕಿವಿಯ ಹತ್ತಿ ತೆಗೆಸಿದರು, ಆಮೇಲೆ ನಾಡಿ ಹಿಡಿದರು. ರಕ್ತ ತಲೆಗೂ ಕಾಲಿಗೂ ಸಮನಾಗಿ ಓಡಾಡುತ್ತಿದೆ, ದಾರಿಯಲ್ಲಿ ಯಾವ ಔಷಧಿ ತೆಗೆದುಕೊಂಡೆ ಎಂದು ಕೇಳಿದರು. ವರ್ತಕ ಕೈಮುಗಿದು, ಈ ಬೋಯಿಗಳು ಯಾವುದೋ ದೊಡ್ಡ ಮಂತ್ರ ಹೇಳಿದರು, ಅದನ್ನು ನನಗೂ ಕಲಿಸಲು ಹೇಳಿ ಎಂದು ಬೇಡಿಕೊಂಡ. ಹಿರಿಯ ಬೋಯಿ ತಲೆ ಕೆರೆದುಕೊಂಡ. ಪಂಡಿತರು ಒತ್ತಾಯ ಮಾಡಿದ ಮೇಲೆ ಬಾಯಿಬಿಟ್ಟ.

“ಮಂತ್ರ ಗಿಂತ್ರ ಏನಿಲ್ಲ ಬುದ್ಧಿ. ತುಪ್ಪ ತಿಂದ ಮೂಟೆ, ಹೊರಲಾರೆ ಅಣ್ಣ, ಗುಂಡಿ ಬಂದ್ರೆ ಕೆಡವಿಬಿಡೋಣ ಅಂತ ಹಾಡಿದ್ವಿ.”

ವರ್ತಕ ಒಂದು ಗಳಿಗೆ ಪಿಳಿಪಿಳಿ ನೋಡಿದ. ಆಮೇಲೆ ಹೊಟ್ಟೆ ಹುಣ್ಣಾಗುವಂತೆ ನಕ್ಕ. ಅಷ್ಟು ನಕ್ಕರೂ ತಲೆ ನೋಯಲಿಲ್ಲ. ರಕ್ತಕ್ಕೆ ಅರ್ಥ ಬೇಕಿಲ್ಲ, ಜೊತೆಗೆ ನಡೆಯುವ ಸದ್ದು ಸಾಕು ಎಂದು ಪಂಡಿತರು ಔಷಧಿ ಕೊಡದೆಯೇ ಕಳುಹಿಸಿದರು. ಹಿಂತಿರುಗುವಾಗ ವರ್ತಕ ಕಿವಿ ತೆರೆದುಕೊಂಡು ಕುಳಿತ. ತುಪ್ಪದ ಮೂಟೆಯ ಸಾಲು ಬಂದಾಗಲೆಲ್ಲ ತಾನೂ ದನಿಗೂಡಿಸಿದ. ಅಂದು ಅವನ ಮನೆಯಲ್ಲಿ ಸಾರಿಗೆ ಒಗ್ಗರಣೆ ಬಿತ್ತು.

ಕತೆ ಕೇಳಿ ಶಿಷ್ಯನಿಗೆ ಸಮಾಧಾನವಾಗಲಿಲ್ಲ. ಅದು ದೇಹದ ಮಾತು, ತನ್ನದು ಮನಸ್ಸಿನ ತೊಂದರೆ ಎಂದ. ಒನಕೆಯ ಹಾಡಿಗೂ ತನಗೂ ಯಾವ ಸಂಬಂಧವೂ ಇಲ್ಲ, ಆದ್ದರಿಂದ ಅದನ್ನು ನಿಲ್ಲಿಸಲೇಬೇಕು ಎಂದು ವಿನಯದಿಂದಲೇ ಹಟ ಹಿಡಿದ.

ಗುರುಗಳು ಅವನ ಮೊಣಕಾಲಿನ ಕಡೆ ನೋಡಿದರು. ಕತೆ ಶುರುವಾದಾಗಿನಿಂದ ಅಲ್ಲಿ ಅವನ ಬೆರಳು ಒನಕೆಯ ಪೆಟ್ಟಿಗೆ ಸರಿಯಾಗಿ ತಾಳ ಹಾಕುತ್ತಿತ್ತು.

“ಆಗಲಿ, ಹೆಂಗಸರಿಗೆ ನಾನು ಹೇಳುತ್ತೇನೆ, ಮೊದಲು ನಿನ್ನ ಬೆರಳಿಗೆ ನೀನು ಹೇಳು” ಎಂದರು.